ಕ್ಯಾಮೆರಾದ ಪಕ್ಕದ ಸ್ಟೂಲು

ನಂದೊಳ್ಳಿ
೧೪-೧೧-೨೦೦೬

ನಮ್ಮನೆಯವರಿಗೆ ದೇವಕಿಯ ನಮಸ್ಕಾರ. ಒಮ್ಮೆಯಾದರೂ ನಿಮ್ಮ ಹೆಸರು ಹಿಡಿದು ಬರೆಯೋಣವೆಂದುಕೊಂಡೆ, ಕೈ ಬರಲಿಲ್ಲ.

ಮೊನ್ನೆ ಜಟ್ಟಪ್ಪ ಇಲ್ಲಿ ನನ್ನ ಅಣ್ಣನ ಮನೆಯ ತನಕ ಬಂದಿದ್ದ. ಎರಡನೇ ವರ್ಷದ ಪಾಠಗಳ ಶೂಟಿಂಗ್ ಶುರುವಾಗಿದೆಯಂತೆ, ನಿಮಗೆ ಮಾತೇ ಹೊರಡುತ್ತಿಲ್ಲವಂತೆ, ನಾನು ಬಂದು ಕೂರಬೇಕಂತೆ. ನಾಲ್ಕು ತಿಂಗಳಿಂದ ಇದ್ದಾಳೋ ಸತ್ತಳೋ ಎಂದು ಕೇಳದವರು ಮದುವೆ ವಿಡಿಯೋ ತೆಗೆಯುವವನ ಕೈಯಲ್ಲಿ ಕರೆ ಕಳಿಸಿದಿರಿ. ಮೊದಲು ನಗು ಬಂತು, ಆಮೇಲೆ ಅಳು.

ಕಳೆದ ವರ್ಷ ವಿಶ್ವವಿದ್ಯಾಲಯದವರು, ದೂರಶಿಕ್ಷಣದ ಮಕ್ಕಳು ಕಂಪ್ಯೂಟರಿನಲ್ಲಿ ನೋಡಲು ಇತಿಹಾಸದ ಪಾಠ ಮಾಡಿಕೊಡಿ ಎಂದಾಗ ನೀವು ಸಿರ್ಸಿಯ ಕಾಲೇಜಿನ ಕೋಣೆಯಲ್ಲಿ ಕಲ್ಲುಗುಂಡಿನ ಹಾಗೆ ಕೂತು ನೋಟ್ಸ್ ಓದಿದಿರಿ. ಜಟ್ಟಪ್ಪನೇ ತೂಕಡಿಸಿದನಂತೆ. "ಸರ್, ಪಾಠ ಮಾಡೂಕೆ ಎದ್ರಿಗೆ ಒಂದು ಮೋರೆ ಬೇಕು," ಎಂದು ನನ್ನನ್ನು ಕರೆಸಿ ಕ್ಯಾಮೆರಾದ ಪಕ್ಕ ಸ್ಟೂಲು ಹಾಕಿ ಕೂರಿಸಿದ. ಮೊದಲು ಪ್ರಶ್ನೆ ಕೇಳಿ, ಹತ್ತು ನಿಮಿಷಕ್ಕೆ ನಿಲ್ಲಿಸಿ, ಜಾಗಕ್ಕೇ ಹೋಗಿ ತೋರಿಸಿ ಎಂದು ಕಲಿಸಿದವನೂ ಅವನೇ. ನಾನು ಹುಬ್ಬು ಗಂಟಿಕ್ಕಿದರೆ ನೀವು ಮತ್ತೊಮ್ಮೆ ಬಿಡಿಸಿ ಹೇಳುತ್ತಿದ್ದಿರಿ. ಎರಡು ತಿಂಗಳು ನನ್ನ ಮುಖ ನೋಡಿ ಮಾತಾಡಿದಿರಿ. ಮದುವೆಯಾಗಿ ಇಪ್ಪತ್ತೊಂದು ವರ್ಷಕ್ಕೆ ಆ ಭಾಗ್ಯ. ಕ್ಯಾಮೆರಾಕ್ಕೆ ಕಾಣುವುದು ನೀವೊಬ್ಬರೇ ಎಂದು ಗೊತ್ತಿದ್ದೂ ನಾನು ಒಳ್ಳೇ ಸೀರೆ ಉಟ್ಟು ಬರುತ್ತಿದ್ದೆ.

ಸಹಸ್ರಲಿಂಗದಲ್ಲಿ ನೀವು ಶಾಲ್ಮಲಾ ಹೊಳೆಯ ಬಂಡೆಯ ಮೇಲೆ ನಿಂತು ಅರಸರ ಹೆಸರು ಹೇಳುತ್ತಿದ್ದಿರಿ. ನನಗೆ ತಡೆಯಲಿಲ್ಲ. ಮಳೆಗಾಲವಿಡೀ ಮುಳುಗುವ ಕಲ್ಲಿನಲ್ಲಿ ಇಷ್ಟು ಲಿಂಗ ಕೆತ್ತಿದವರು ಯಾರು, ಅವರ ಹೆಸರು ಯಾಕೆ ಯಾರೂ ಹೇಳುವುದಿಲ್ಲ ಎಂದು ಕೇಳಿಬಿಟ್ಟೆ. ನೀವು ಗೊತ್ತಿಲ್ಲ ಎಂದಿರಿ. ಆಮೇಲೆ ಎಷ್ಟು ಚೆಂದ ಮಾತಾಡಿದಿರಿ. ಇದಕ್ಕಿಂತ ಒಳ್ಳೇ ತುಣುಕು ಮತ್ತೊಂದಿಲ್ಲ ಎಂದ ಜಟ್ಟಪ್ಪ.

ಸಿ.ಡಿ. ಬಂದಾಗ ಅದರಲ್ಲಿ ನನ್ನ ಸ್ವರ ಇರಲಿಲ್ಲ. ನನ್ನ ಪ್ರಶ್ನೆಯನ್ನು ನೀವೇ ಕೇಳಿದಂತೆ ಮತ್ತೆ ತೆಗೆಸಿ ಸೇರಿಸಿದ್ದಿರಿ. ಕಾಲೇಜಿನ ಸಭೆಯಲ್ಲಿ ಆ ಪ್ರಶ್ನೆಗೇ ಚಪ್ಪಾಳೆ ಬಿತ್ತು, ನೀವು ಕೈ ಮುಗಿದಿರಿ. ಮನೆಗೆ ಬಂದು ಕೇಳಿದರೆ, "ಮನೆ ಹೆಂಗಸಿನ ದನಿ ಪಾಠದಲ್ಲಿ ಎಂತಕ್ಕೆ? ನಿಂಗೆ ಅದೆಲ್ಲ ತಿಳೀತಿಲ್ಲೆ," ಎಂದು ಊಟಕ್ಕೆ ಕೂತಿರಿ. ನಾನು ಬಡಿಸಿದೆ. ಮರುದಿನ ಅಣ್ಣನ ಮನೆಗೆಂದು ಯಲ್ಲಾಪುರದ ಬಸ್ಸು ಹತ್ತಿದೆ.

ನಾನು ಬರುವುದಿಲ್ಲ. ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಮೋರೆ ಬೇಕಾದರೆ ಕನ್ನಡಿ ಇಟ್ಟುಕೊಳ್ಳಲಿ ಎಂದು ಜಟ್ಟಪ್ಪನ ಹತ್ತಿರ ಹೇಳಿ ಕಳಿಸಿದ್ದೆ. ಅದೊಂದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇಷ್ಟಾದ ಮೇಲೂ ನಿಮ್ಮ ಪಾಠ ಕೇಳುವುದೆಂದರೆ ನನಗೆ ಜೀವ, ಅದೇ ನನ್ನ ದುಃಖ. ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ಇಂತಿ,
ದೇವಕಿ

ತಾ.ಕ.: ಪಿಯುಸಿಗೆ ಬಿಟ್ಟ ಓದನ್ನು ಮತ್ತೆ ಹಿಡಿದಿದ್ದೇನೆ. ನಿಮ್ಮ ಕೋರ್ಸಿಗೇ ಹೆಸರು ಹಚ್ಚಿದ್ದೇನೆ, ಯಲ್ಲಾಪುರದ ಕೇಂದ್ರದಲ್ಲಿ ನಿಮ್ಮ ಸಿ.ಡಿ. ನೋಡುತ್ತೇನೆ. ಹೋದ ತಿಂಗಳು ಅಲ್ಲಿಂದ ಹೆಸರಿಲ್ಲದೆ ಬರೀ ವಿದ್ಯಾರ್ಥಿ ನಂಬರಿನಲ್ಲಿ, ಪಾಠದ ಸಂಶಯ ಕೇಳಿ ಬಂದ ಪತ್ರಕ್ಕೆ ನೀವು ಎರಡು ಪುಟ ಉತ್ತರ ಬರೆದಿರಿ. ಆ ಪ್ರಶ್ನೆಯ ಅಕ್ಷರ ಅಣ್ಣನ ಮಗಳು ಅಭಿಜ್ಞಾಳದ್ದು, ಕೇಳಿದವಳು ನಾನು. ನೀವು ನನಗೆ ಬರೆದ ಮೊದಲ ಪತ್ರ ಅದು. "ನಿಮ್ಮಂಥವರೊಬ್ಬರು ಎದುರಿಗೆ ಕೂತಿದ್ದರೆ ನನ್ನ ಪಾಠವೇ ಬೇರೆಯಾಗುತ್ತಿತ್ತು" ಎಂದು ಅದರ ಕೊನೆಯಲ್ಲಿ ಬರೆದಿದ್ದೀರಿ.