ಸರದಿಯ ಅಧ್ಯಾಯ

ಅವ್ವಾ,

ಇವತ್ತು ಚಿಕ್ಕೇರೂರಿನವರು ನಿನ್ನ ಮೊಮ್ಮಗಳು ಕರುಣಾಳನ್ನು ನೋಡಲು ಬಂದಿದ್ದರು. ನೀನು ಹೋದ ಮೇಲೂ ಮನೆಯಲ್ಲಿ ನಿನ್ನದೇ ಕಟ್ಟಳೆ: ಯಾವ ಮಾತಿಗೂ ಮೊದಲು ಬೈಬಲಿನ ಒಂದು ಅಧ್ಯಾಯ, ಅದೂ ಸರದಿಯಲ್ಲಿ ಬಂದದ್ದೇ. ಗುರುತಿನ ದಾರವಿದ್ದಲ್ಲಿ ತೆರೆದೆ. ಯಾಜಕಕಾಂಡದಲ್ಲಿ ಚರ್ಮದ ಬಿಳಿ ಮಚ್ಚೆಯವರನ್ನು ಅಶುದ್ಧರೆನ್ನುವ ಅಧ್ಯಾಯ. ಎದುರಿಗೆ ಕುಳಿತಿದ್ದ ಹುಡುಗನ ತಾಯಿ ಎಸ್ತೇರಮ್ಮನವರ ಎರಡೂ ಕೈಗಳಲ್ಲಿ ತೊನ್ನು.

ಸಂಬಂಧ ಮುರಿದೀತೆಂದು ಹೆದರಿ, ಮೆಲ್ಲಗೆ ಕೀರ್ತನೆಗಳ ಕಡೆಗೆ ಹಾಳೆ ತಿರುವಿದೆ.

"ಯಾಕ್ರಿ, ದಾರ ಅಲ್ಲೇ ಐತಿ, ನೀವು ಎಲ್ಲಿಗೆ ಹೊಂಟ್ರಿ?" ಎಂದರು ಆಕೆ. "ನಮ್ಮನ್ಯಾಗೂ ಸರದಿ ಪ್ರಕಾರನ ಓದತೇವಿ. ಕೊಡ್ರಿಲ್ಲೆ."

ಇಡೀ ಅಧ್ಯಾಯವನ್ನು ಅವರೇ ಓದಿದರು. ಮೈಯೆಲ್ಲ ಬೆಳ್ಳಗಾದವನು ಶುದ್ಧನೆಂಬ ಮಾತು ಬಂದಾಗ ತೋಳು ಚಾಚಿ, "ನಂದು ಅರ್ಧಾ ಕೆಲಸ ಆಗೇತಿ ನೋಡ್ರಿ," ಎಂದರು. ಕರುಣಾ ಕಿಸಕ್ಕನೆ ನಕ್ಕು ನಾಲಿಗೆ ಕಚ್ಚಿಕೊಂಡಳು.

"ನಗು ಯವ್ವಾ. ಅತ್ತಿ ಮುಂದ ನಗೂ ಸೊಸೀನ ಬೇಕಾಗಿತ್ತು ನಮಗ."

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು: "ಬೀಗರ, ನಿಮ್ಮ ಅವ್ವಾರು ಹೆಂಗ ಓದತಿದ್ರು?"

ಜೋರಾಗಿ, ಎಂದೆ. ನೀನು ಓದಲು ಕೂತೊಡನೆ ನಾನು ಪೇಪರು ತರುವ ನೆಪದಲ್ಲಿ ಎದ್ದು ಹೋಗುವಾಗ ನಿನ್ನ ದನಿ ಬೀದಿಯ ತಿರುವಿನವರೆಗೂ ಕೇಳಿಸುತ್ತಿತ್ತು.