ಚೀಟಿ ಅಂಟಿಸಿದ ಕಂಪ್ಯೂಟರ್

ಜೂನ್ ೯, ಸೋಮವಾರ
ಸ್ಟುಡಿಯೋದಿಂದ

ಪ್ರೀತಿಯ ಪುಟ್ಟಿಗೆ,

ನನ್ನ ಅಕ್ಷರ ಕಂಡ ಕೂಡಲೇ ಕಾಗದ ಹರಿದು ಬುಟ್ಟಿಗೆ ಹಾಕಬೇಡ. ಪೂರ್ತಿ ಓದಿ ಆಮೇಲೆ ಬೇಕಾದರೆ ಹಾಕು. ನಾನೂ ನಿನ್ನ ಭಾವನೂ ಚೆನ್ನಾಗಿದ್ದೇವೆ. ಕಾಗದ ತಡವಾಯಿತು, ಕ್ಷಮಿಸು. ತಡ ಅಂದರೆ ಆರು ವರ್ಷ. ಬರೆಯಲು ಕೂತಾಗಲೆಲ್ಲ ಗಿರಾಕಿ ಬಂದರು ಎಂದರೆ ನೀನು ನಂಬುವವಳಲ್ಲ, ಅದಕ್ಕೇ ಕಾರಣ ಹೇಳಲು ಹೋಗುವುದಿಲ್ಲ. ಅಪ್ಪನ ಲೆನ್ಸಿನ ಸಂಗತಿ ಎತ್ತುವುದಕ್ಕಂತೂ ಈ ಕಾಗದ ಅಲ್ಲ. ಲೆನ್ಸ್ ಹೋಯಿತು, ಅದರ ಹಿಂದೆಯೇ ನೀನೂ ಹೋದೆ. ಆ ಮಾತು ಅಲ್ಲಿಗೇ ಇರಲಿ.

ವಿಷಯ ಏನೆಂದರೆ, ಸ್ಟುಡಿಯೋಗೆ ಹೊಸ ಕಂಪ್ಯೂಟರ್ ತಂದಿದ್ದೇನೆ. ಅದರ ಪರದೆ ಬರುತ್ತಿಲ್ಲ.

ಹಳೆಯದು, ನೀನು ಕೆಲಸಕ್ಕೆ ಕೂರುತ್ತಿದ್ದದ್ದೇ, ಕಳೆದ ತಿಂಗಳು ಒಂದು ದಿನ ಕೆಮ್ಮಿದ ಹಾಗೆ ಸದ್ದು ಮಾಡಿ ನಿಂತುಹೋಯಿತು. ಶಾಲೆಯ ಗುರುತಿನ ಚೀಟಿಗೆ ನಾನೂರ ಹನ್ನೆರಡು ಮಕ್ಕಳ ಫೋಟೊ ತೆಗೆದದ್ದು ಕ್ಯಾಮೆರಾದಲ್ಲೇ ಕೂತಿದೆ. ಇಪ್ಪತ್ತಮೂರಕ್ಕೆ ಪ್ರಿಂಟ್ ಕೊಡದಿದ್ದರೆ ಮುಂದಿನ ವರ್ಷದಿಂದ ಆ ಕೆಲಸ ಎದುರುಗಡೆ ಸ್ಟುಡಿಯೋಗೆ. ಅವನು ಈಗಾಗಲೇ ನನ್ನನ್ನು ಕಂಡರೆ ಕೈ ಮುಗಿಯಲು ಶುರುಮಾಡಿದ್ದಾನೆ. ಏನೋ ಮಸಲತ್ತು ಇಲ್ಲದೆ ಆ ಮನುಷ್ಯ ಕೈ ಎತ್ತುವವನಲ್ಲ.

ಹೊಸದನ್ನು ಜೋಡಿಸಿಕೊಟ್ಟ ಕಂಪ್ಯೂಟರ್ ಅಂಗಡಿಯವನೂ ಅಂಥವನೇ. ತುಂಬಾ ನಗುತ್ತಾನೆ. "ಫೋಟೊ ಕೆಲಸಕ್ಕೆ ಅಂದ್ರಲ್ಲಮ್ಮಾ, ಅದಕ್ಕೇ ಅಂತಾನೇ ಬೇರೆ ಕಾರ್ಡ್ ಹಾಕಿದೀನಿ" ಎಂದ. ಹಾಕಿದ್ದಾನೋ ಇಲ್ಲವೋ ಪೆಟ್ಟಿಗೆ ಮುಚ್ಚಿದ ಮೇಲೆ ಕಂಡವರು ಯಾರು? ಸ್ಟುಡಿಯೋಗೆ ಜನ ಕಳಿಸಿ ಜೋಡಿಸಿಕೊಡುತ್ತೇನೆ ಎಂದ. ಬೇಡಪ್ಪಾ, ಅರ್ಧ ದಾರಿಯಲ್ಲಿ ಒಳ್ಳೆಯ ಭಾಗ ತೆಗೆದು ಹಳೆಯದು ತುರುಕಿದರೆ ಯಾರನ್ನು ಕೇಳಲಿ ಎಂದು ನಾನೇ ಹೊತ್ತು ತಂದೆ. ಅದಕ್ಕೂ ಮೊದಲು, ಅವನು ಒಳಗೆ ಬಿಲ್ ಬರೆಯುತ್ತಿದ್ದಾಗ, ನನ್ನ ಚೀಟಿಗಳನ್ನು ಅಂಟಿಸಿಬಿಟ್ಟೆ.

ನಗಬೇಡ. ಅಪ್ಪ ಕತ್ತಲೆಕೋಣೆಯ ಫೋಟೊ ಕಾಗದದ ಡಬ್ಬಗಳಿಗೆ ಕೆಂಪು ಇಂಕಿನಲ್ಲಿ ರುಜು ಮಾಡಿದ ಚೀಟಿ ಅಂಟಿಸುತ್ತಿದ್ದದ್ದು ಯಾಕೆ? ಯಾರಾದರೂ ತಿಳಿಯದೆ ಬೆಳಕಿನಲ್ಲಿ ತೆರೆದರೆ ಇಡೀ ಡಬ್ಬ ಹಾಳು ಅಂತ. ಚೀಟಿ ಹರಿದಿದ್ದರೆ ಡಬ್ಬ ತೆರೆದಿದ್ದಾರೆ ಎಂದು ಅರ್ಥ. ಕತ್ತಲೆಕೋಣೆ ಈಗ ಸಾಮಾನು ಕೋಣೆಯಾಗಿದ್ದರೂ ಆ ಪದ್ಧತಿ ನಾನು ಬಿಟ್ಟಿಲ್ಲ. ನಿನ್ನ ಭಾವ ಸಕ್ಕರೆ ಡಬ್ಬದ ಮೇಲಿನ ರುಜು ನೋಡಿ ನೋಡಿ ಈಗ ಚಹಾಕ್ಕೆ ಸಕ್ಕರೆ ಕೇಳುವುದನ್ನೇ ಬಿಟ್ಟಿದ್ದಾರೆ. ಸಕ್ಕರೆ ಕಾಯಿಲೆ ಬಾರದಂತೆ ಕಾಪಾಡಿದ್ದೇನೆ ಎಂದರೆ ಅದಕ್ಕೂ ಗೊಣಗುತ್ತಾರೆ.

ಹಾಗೆ ಕಂಪ್ಯೂಟರ್ ಪೆಟ್ಟಿಗೆಯ ಎರಡು ಮಗ್ಗುಲಿಗೂ ಅಂಟಿಸಿದೆ, ಸ್ಕ್ರೂಗಳ ಮೇಲೂ ಅಂಟಿಸಿದೆ. ಹಿಂದುಗಡೆ ಕೆಳಗೆ ಮೂರು ತೂತುಗಳಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿತ್ತು. ಬಳಸದ ತೂತು ಕಳ್ಳನಿಗೆ ಕಿಟಕಿ ಇದ್ದ ಹಾಗೆ, ಅಲ್ಲಿಂದ ಏನು ಬೇಕಾದರೂ ಹೊರಗೆಳೆಯಬಹುದು. ಅದರ ಮೇಲೂ ಅಡ್ಡಡ್ಡ ಒಂದು ಅಗಲವಾದ ಚೀಟಿ.

ಈಗ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಮುಂದಿನ ನೀಲಿ ದೀಪ ಉರಿಯುತ್ತದೆ. ಪರದೆಯಲ್ಲಿ "ನೋ ಸಿಗ್ನಲ್" ಎಂದು ಐದು ಎಣಿಸುವಷ್ಟು ಹೊತ್ತು ಬಂದು ಆಮೇಲೆ ಎಲ್ಲ ಕಪ್ಪು. ಪ್ಲಗ್ ಬದಲಿಸಿದೆ. ಮನೆಯ ಟಿವಿಯ ಕೇಬಲ್ ಕಿತ್ತು ತಂದು ಹಾಕಿದೆ. ಮಾನಿಟರನ್ನೇ ಹೊತ್ತುಕೊಂಡು ಹೋಗಿ ಟಿವಿಯ ಡಬ್ಬಿಗೆ ಜೋಡಿಸಿದರೆ ವಾರ್ತೆ ಓದುವವಳು ಕಣ್ಣು ಕುಕ್ಕುವ ಹಾಗೆ ಬಂದಳು. ಅಂದರೆ ಮಾನಿಟರ್ ಸಾಚಾ. ಮೋಸ ಇರುವುದು ಪೆಟ್ಟಿಗೆಯೊಳಗೇ.

ಅಂಗಡಿಯವನಿಗೆ ಫೋನ್ ಮಾಡಿದೆ. "ಕೇಬಲ್ ಸರಿಯಾಗಿ ಹಾಕಿದೀರಾಮ್ಮಾ?" ಎಂದ. ಅದು ಕೂರುವ ತೂತು ಮೇಲುಗಡೆ ಇರುವುದೇ ಒಂದು, ಇನ್ನೆಲ್ಲಿ ಹಾಕಲಿ, ನಿನ್ನ ಮೂಗಿಗಾ ಎಂದೆ. "ಹಿಂದುಗಡೆ ಆ ಚೀಟಿ ಒಂದ್ಸಲ ಕಿತ್ತು ನೋಡಿ" ಎಂದ. ನೋಡಿದೆಯಾ ಜಾಣತನ! ಚೀಟಿ ಹರಿದ ಮೇಲೆ "ನೀವೇ ಪೆಟ್ಟಿಗೆ ಬಿಚ್ಚಿದೀರಿ, ಗ್ಯಾರಂಟಿ ಇಲ್ಲ" ಅನ್ನುವುದಕ್ಕೆ ಈ ಉಪಾಯ. ಮೂರು ಸಲ ಅದನ್ನೇ ಹೇಳಿದ. ಮೂರನೇ ಸಲ ನಾನು ಫೋನ್ ಇಟ್ಟೆ.

ಇನ್ನು ನಮ್ಮ ರೀಟಚಿಂಗ್ ಮೇಷ್ಟ್ರು. ಹಿಂದೆ ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ಮೊಡವೆ ಅಳಿಸುತ್ತಿದ್ದವರು, ಈಗ ಮೌಸ್ ಹಿಡಿದು ಅದನ್ನೇ ಮಾಡುತ್ತಾರೆ. ಬುಧವಾರ ನಾನು ಶಾಲೆಗೆ ಹೋಗಿದ್ದಾಗ ಅರ್ಧ ಗಂಟೆ ಅವರೊಬ್ಬರೇ ಕಂಪ್ಯೂಟರ್ ಜೊತೆ ಇದ್ದರು. ಎದುರು ಸ್ಟುಡಿಯೋದವನ ಜೊತೆ ಅವರು ಮಾತಾಡುವುದನ್ನು ಎರಡು ಸಲ ಕಂಡಿದ್ದೇನೆ. ಸಂಜೆ ಹೊರಡುವಾಗ, ಚೀಲ ಒಂದ್ಸಲ ತೋರಿಸಿ ಮೇಷ್ಟ್ರೇ ಎಂದೆ. ತಪ್ಪೇನು, ನನ್ನ ಸ್ಟುಡಿಯೋ. ಅವರು ಒಂದೊಂದೇ ತೆಗೆದು ಮೇಜಿನ ಮೇಲಿಟ್ಟರು. ಖಾಲಿ ಊಟದ ಡಬ್ಬಿ, ಕನ್ನಡಕದ ಪೆಟ್ಟಿಗೆ, ಚೂಪು ಮಾಡಿದ ಆ ಹಳೇ ಪೆನ್ಸಿಲ್‌ಗಳ ಕಟ್ಟು. ಈಗ ಯಾವ ಕೆಲಸಕ್ಕೂ ಬಾರದ ಪೆನ್ಸಿಲ್‌ಗಳನ್ನು ದಿನಾ ಯಾಕೆ ಹೊತ್ತು ತರುತ್ತಾರೋ. "ನಿಮ್ಮ ತಂಗಿಯವರ ಚೀಲ ನೋಡಿದ ದಿನಾನೇ ಅಂದ್ಕೊಂಡೆ, ಒಂದಿನ ನನ್ನ ಸರದೀನೂ ಬರುತ್ತೆ ಅಂತ. ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ಆದ್ಮೇಲೆ ಬಂತು ಅಷ್ಟೆ" ಎಂದು ಹೇಳಿ ಹೋದವರು ಮತ್ತೆ ಬಂದಿಲ್ಲ. ತಪ್ಪು ಮಾಡದವರಿಗೆ ಇಷ್ಟು ಸಿಟ್ಟು ಯಾಕೆ ಬರಬೇಕು, ನೀನೇ ಹೇಳು.

ನಿನ್ನ ಭಾವ ಅಂದರು, "ಊರಲ್ಲಿ ಎಲ್ಲರ ಮೇಲೂ ಅನುಮಾನ ಪಟ್ಟಾಯ್ತು, ಇನ್ನು ಉಳಿದಿರೋದು ನಾನು. ನನ್ನ ಹತ್ರ ಬರೋದಕ್ಕೆ ಮುಂಚೆ ನಿನ್ನ ತಂಗಿಗೆ ಒಂದು ಕಾಗದ ಹಾಕು. ಆಸ್ಪತ್ರೇಲಿ ಎಕ್ಸ್‌ರೇ ತೆಗೆಯೋಳಿಗೆ ಇದು ಗೊತ್ತಿರಲ್ವಾ?" ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಒಂದು ಸಾಲು ಬರೆದರೂ ಸಾಕು. ಬರೆಯದಿದ್ದರೆ ಇನ್ನು ಮುಂದೆ ಕೇಳುವುದಿಲ್ಲ, ನಮ್ಮಿಬ್ಬರದು ಇಷ್ಟೇ ಎಂದುಕೊಳ್ಳುತ್ತೇನೆ.

ನಿನಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ

ಮರೆತಿದ್ದೆ: ಲಕೋಟೆಯ ಅಂಚಿನ ಮೇಲೆ ರುಜು ಹಾಕಿದ್ದೇನೆ. ಹರಿದು ಬಂದಿದ್ದರೆ ಅಂಚೆಯವನನ್ನು ಸುಮ್ಮನೆ ಬಿಡಬೇಡ.


ಜೂನ್ ೧೭, ಮಂಗಳವಾರ
ಮನೆಯಿಂದ

ನನ್ನ ಪುಟ್ಟಿ,

ನಿನ್ನೆ ಬೆಳಿಗ್ಗೆ ನಿನ್ನ ಕಾರ್ಡು ಬಂತು. ಕೂಡಲೇ ಉತ್ತರ ಬರೆಯಬೇಕಿತ್ತು, ಒಂದು ದಿನ ತಡಮಾಡಿದ್ದಕ್ಕೆ ಬೈಯಬೇಡ. ಆ ಒಂದು ದಿನದಲ್ಲಿ ಏನೆಲ್ಲ ಆಯಿತು ಎಂದು ಹೇಳುತ್ತೇನೆ.

"ಅಕ್ಕ, ನೀನು ಚೀಟಿ ಅಂಟಿಸಿರೋ ಆ ಮೂರು ತೂತಲ್ಲಿ ಒಂದಕ್ಕೆ ಕೇಬಲ್ ಹಾಕು. ಅಂಗಡಿಯವನು ಸರಿಯಾಗೇ ಹೇಳಿದಾನೆ." ಅಷ್ಟೇ ಇತ್ತು. ಪ್ರೀತಿಯ ಅಂತಲೂ ಇಲ್ಲ, ಕೆಳಗೆ ಹೆಸರೂ ಇಲ್ಲ. ಆದರೂ "ಅಕ್ಕ" ಅಂತ ಇತ್ತು. ಅದೊಂದು ಶಬ್ದವನ್ನು ಅಂಚೆಯವನು ಬೀದಿಯ ಕೊನೆ ದಾಟುವವರೆಗೂ ಓದುತ್ತ ನಿಂತಿದ್ದೆ.

ಆಮೇಲೆ ನನ್ನ ತಲೆಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ಇವಳೂ ಆ ಅಂಗಡಿಯವನೂ ಮಾತಾಡಿಕೊಂಡಿದ್ದಾರೆ! ಇಲ್ಲದಿದ್ದರೆ ಇಬ್ಬರೂ ಅದೇ ಚೀಟಿ ಕೀಳು ಅನ್ನುವುದು ಹೇಗೆ? ನಿಜವಾಗಿ ಹೀಗೆ ಯೋಚಿಸಿದೆ, ಪುಟ್ಟಿ. ಗಟ್ಟಿಯಾಗಿ ಹೇಳಿಯೂ ಬಿಟ್ಟೆ. ನಿನ್ನ ಭಾವ ಓದುತ್ತಿದ್ದ ಪೇಪರ್ ಕೆಳಗಿಟ್ಟು ನನ್ನನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಜಗಳವಾಡಿಕೊಂಡು ಸುಮ್ಮನಾಗಿಬಿಡುತ್ತಿದ್ದೆ. "ನಿನಗೆ ಸುಸ್ತಾಗಲ್ವೇನೇ?" ಎಂದು ಕೇಳಿದರು.

ಸ್ಟುಡಿಯೋಗೆ ಹೋಗಿ ಬಾಗಿಲು ಹಾಕಿಕೊಂಡೆ. ಒದ್ದೆ ಬಟ್ಟೆಯಿಂದ ಚೀಟಿ ನೆನೆಸಿ ಬ್ಲೇಡಿನಿಂದ ಕೆರೆದೆ. ಒಳ್ಳೆ ಅಂಟು, ಅಪ್ಪ ಹೇಳಿಕೊಟ್ಟ ಹಾಗೆ ನಾನೇ ಕಾಯಿಸಿದ್ದು, ಬಿಡಬೇಕಲ್ಲ. ಉಗುರೆಲ್ಲ ಕೆಂಪು ಇಂಕಾಯಿತು. ಪ್ಲಾಸ್ಟಿಕ್ ಮುಚ್ಚಳ ಕಿತ್ತರೆ ಒಳಗೆ ಮೇಲಿನ ತೂತಿನದೇ ಅಳತೆಯ, ಅದೇ ಆಕಾರದ ತೂತು. ಕೇಬಲ್ ಹಾಕಿ ಸ್ವಿಚ್ ಒತ್ತಿದೆ. ಪರದೆ ಬಂತು. ಹಿಂದೆ ಗೋಡೆಗೆ ತೂಗುಹಾಕಿದ ನೀಲಿ ಪರದೆ, ಲೈಟಿನ ಸ್ಟ್ಯಾಂಡು, ಗಿರಾಕಿಗಳು ಕೂರುವ ಆ ಸುತ್ತುವ ಸ್ಟೂಲು, ಎಲ್ಲದರ ಮೇಲೂ ಬೆಳಕು ಬಿತ್ತು. ಖುಷಿಯಾಗಬೇಕಿತ್ತು. ನನಗೆ ನಾಚಿಕೆಯಾಯಿತು. ಹನ್ನೆರಡು ದಿನ ಆ ಕಂಪ್ಯೂಟರ್ ಸರಿಯಾಗಿಯೇ ಇತ್ತು. ಅದು ಚಿತ್ರ ಕೊಡುವ ಬಾಯಿಗೇ ನಾನು ರುಜು ಹಾಕಿ ಮುಚ್ಚಿದ್ದೆ.

ಅಂಗಡಿಯವನಿಗೆ ಫೋನ್ ಮಾಡಿದೆ. "ಬೇರೆ ಕಾರ್ಡ್ ಹಾಕಿದ್ಮೇಲೆ ಚಿತ್ರ ಬರೋದು ಅದರಿಂದಾನೇ ಅಮ್ಮಾ, ಕೆಳಗಿನ ಆ ಮೂರು ತೂತು ಅದರದ್ದು. ಇದರಲ್ಲಿ ಮೇಲಿನ ತೂತಿಗೆ ಹಾಕಿದ್ರೆ ಏನೂ ಬರಲ್ಲ. ಅದನ್ನೇ ನಾನು ಬಡ್ಕೊಂಡಿದ್ದು" ಎಂದ. ನಕ್ಕ. ಪಾಪ, ಅವನ ನಗುವೇ ಹಾಗೆ ಇರಬೇಕು. ಪೂರ್ತಿ ನಂಬಿದ್ದೇನೆ ಎಂದುಕೊಳ್ಳಬೇಡ, ಆದರೆ ಬೈಯಲಿಲ್ಲ.

ಸಂಜೆ ಮೇಷ್ಟ್ರ ಮನೆಗೆ ಹೋದೆ. ಇಪ್ಪತ್ತು ವರ್ಷದಲ್ಲಿ ಅವರ ಮನೆ ನೋಡಿದ್ದು ಇದೇ ಮೊದಲು. ಮೆಟ್ಟಿಲ ಕೆಳಗೆ ಒಂದೇ ಕೋಣೆ, ಕಿಟಕಿಯ ಪಕ್ಕ ಮೇಜು, ಅದರ ಮೇಲೆ ಆ ಪೆನ್ಸಿಲ್‌ಗಳು. ಕ್ಷಮಿಸಿ ಅನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಬಾಗಿಲಲ್ಲಿ ನಿಂತು ಅಂದದ್ದೇ ಬೇರೆ. "ಮೇಷ್ಟ್ರೇ, ಪರದೆ ಬಂತು" ಎಂದೆ.

"ಯಾರು ಸರಿ ಮಾಡಿದ್ರು?"

"ನನ್ನ ತಂಗಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಬಂದಿದಾರಾ?"

"ಇಲ್ಲ. ಕಾರ್ಡು ಬರೆದಿದಾಳೆ."

"ಅವರೇ ಬರೆದಿದಾರೆ ಅಂದ್ಮೇಲೆ ನಾನ್ಯಾವ ದೊಡ್ಡ ಮನುಷ್ಯ. ನಾಳೆ ಬರ್ತೀನಿ, ಮಕ್ಕಳ ಫೋಟೊ ಇದೆಯಲ್ಲ" ಎಂದರು.

ಇವತ್ತು ಬಂದರು. ಚೀಲ ಇರಲಿಲ್ಲ. ಊಟದ ಡಬ್ಬಿಯನ್ನು ಎಲ್ಲರಿಗೂ ಕಾಣುವ ಹಾಗೆ ಕೈಯಲ್ಲೇ ಹಿಡಿದುಕೊಂಡು ಬೀದಿಯುದ್ದಕ್ಕೂ ನಡೆದು ಬಂದರು. ಮಧ್ಯಾಹ್ನದ ಹೊತ್ತಿಗೆ ಅರವತ್ತು ಮಕ್ಕಳ ಮುಖ ಮುಗಿಸಿದ್ದರು. ಅದರಲ್ಲಿ ಒಬ್ಬಳು ಹುಡುಗಿ ಎರಡು ಜಡೆ ಹಾಕಿಕೊಂಡು, ಒಂದು ಹಲ್ಲಿಲ್ಲದೆ, ಕ್ಯಾಮೆರಾವನ್ನೇ ಹೊಡೆಯುವ ಹಾಗೆ ನೋಡುತ್ತಿದ್ದಾಳೆ. ಥೇಟ್ ನೀನು. ಮೇಷ್ಟ್ರು ಅವಳ ಫೋಟೊವನ್ನು ಸ್ವಲ್ಪ ಹೊತ್ತು ಪರದೆಯ ಮೇಲೆ ಹಾಗೇ ಬಿಟ್ಟರು.

ಮೂರು ದಿನದ ಅಂಚೆಯ ದೂರದಲ್ಲಿ ಕೂತು ನೀನು ಆ ಪೆಟ್ಟಿಗೆಯ ಒಳಗು ಕಂಡುಬಿಟ್ಟೆ. ಪೆಟ್ಟಿಗೆ ಕಾಣದಿದ್ದರೂ ನಿನಗೆ ನಾನು ಗೊತ್ತು, ಅದಕ್ಕೇ ಇರಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಕ್ಸ್‌ರೇ ಕೋಣೆಯಲ್ಲಿ ಆ ಭಾರದ ಏಪ್ರನ್ ತೊಡುವುದನ್ನು ತಪ್ಪಿಸಬೇಡ. ನೂರು ಕಾಲ ಚೆನ್ನಾಗಿ ಬಾಳು, ನಿನ್ನ ಕೈಯ ಕೆಲಸಕ್ಕೆ ಹೆಸರು ಬರಲಿ, ನಿನ್ನ ಮಾತನ್ನು ನಂಬುವವರು ನಿನ್ನ ಸುತ್ತ ಇರಲಿ. ನಿನ್ನ ಭಾವನೂ ಹರಸಿದ್ದಾರೆ.

ನಿನ್ನ ಅಕ್ಕ

ಮತ್ತೆ: ರುಜು ಹಾಕಿದ ಮೇಲೆ ಬರೆಯುತ್ತಿದ್ದೇನೆ. ಬರೆಯದೆ ಅಂಚೆಗೆ ಹಾಕಿದರೆ ಇನ್ನು ಯಾವತ್ತೂ ಬರೆಯಲಾರೆ.

ಅಪ್ಪನ ಲೆನ್ಸ್ ಕಳೆದಿರಲಿಲ್ಲ. ಆ ವರ್ಷ ಕತ್ತಲೆಕೋಣೆಗೆ ಸುಣ್ಣ ಹೊಡೆಸುವಾಗ, ಕೂಲಿಯವರ ಮೇಲೆ ನಂಬಿಕೆಯಿಲ್ಲದೆ, ನಾನೇ ಅದನ್ನು ಖಾಲಿ ಕಾಗದದ ಡಬ್ಬದಲ್ಲಿಟ್ಟು ಚೀಟಿ ಅಂಟಿಸಿದ್ದೆ. ಇಟ್ಟದ್ದನ್ನು ಮರೆತೆ. ಮರುವಾರ ಗಿರಾಕಿಗಳ ಎದುರು, ಬಾಗಿಲಲ್ಲಿ, ನಿನ್ನ ಚೀಲ ಕೆಳಗೆ ಸುರಿದೆ. ನಿನ್ನ ಬಾಚಣಿಗೆ ಉರುಳಿ ಯಾರದೋ ಕಾಲ ಹತ್ತಿರ ಹೋಯಿತು, ನೀನು ಬಗ್ಗಿ ಎತ್ತಿಕೊಂಡೆ. ಎರಡು ವರ್ಷದ ನಂತರ ಆ ಡಬ್ಬ ತೆರೆದೆ. ಚೀಟಿಯ ಮೇಲೆ ಇದ್ದದ್ದು ನನ್ನದೇ ರುಜು. ಒಳಗೆ ಲೆನ್ಸ್. ಆ ದಿನವೇ ನಿನ್ನ ಊರಿಗೆ ಓಡಿಬರಬೇಕಿತ್ತು. ನಾನು ಏನು ಮಾಡಿದೆ ಗೊತ್ತೇ? ಡಬ್ಬ ಮುಚ್ಚಿ ಅದರ ಮೇಲೆ ಹೊಸ ಚೀಟಿ ಅಂಟಿಸಿದೆ. ನಾಲ್ಕು ವರ್ಷದಿಂದ ಅದು ಹಾಗೇ ಇದೆ. ನಿನ್ನ ಭಾವನಿಗೂ ಗೊತ್ತಿಲ್ಲ. ಕಾಗದ ತಡವಾದದ್ದಕ್ಕೆ ಕಾರಣ ಇದು.

ಲೆನ್ಸ್ ನಿನ್ನದು. ಕೊರಿಯರಿನವರ ಕೈಗೆ ಕೊಡಲು ನನಗೆ ಧೈರ್ಯವಿಲ್ಲ, ಆ ಗುಣ ಎಲ್ಲಿ ಹೋಗಬೇಕು. ಇಪ್ಪತ್ತಮೂರಕ್ಕೆ ಶಾಲೆಯ ಕೆಲಸ ಒಪ್ಪಿಸಿ ನಾನೇ ತರುತ್ತೇನೆ. ಬರಬೇಡ ಅನ್ನುವುದಾದರೆ ಇನ್ನೊಂದು ಕಾರ್ಡು ಹಾಕು. ಬಾ ಅಂದರೆ ನಿನ್ನ ಬಾಗಿಲಲ್ಲಿ ನಿಲ್ಲುತ್ತೇನೆ, ಪಕ್ಕದ ಮನೆಯವರನ್ನೆಲ್ಲ ಕರೆದು ಅವರ ಎದುರಿಗೇ ನನ್ನ ಚೀಲ ಸುರಿದು ನೋಡು.