ಬೀಗದಜ್ಜಿಯ ಒಂದನೆಯ ಕಥೆ

ಮಂಗಳವಾರ, ಬೆಳಿಗ್ಗೆ

ರೀ,

'ಪ್ರಿಯ' ಎಂದು ಶುರುಮಾಡಿ ಹೊಡೆದುಹಾಕಿದೆ. 'ಪೂಜ್ಯ' ಎಂದರೆ ನೀವೇ ನಗುತ್ತೀರಿ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದಾಗ ಅಡುಗೆಮನೆಯಿಂದ ಕೂಗಿದ್ದು ಹೀಗೆಯೇ, ಬೇರೆ ಬೇರೆ ಇರುವ ಇಷ್ಟು ವರ್ಷಗಳಲ್ಲಿ ಬಾಯಿಗೆ ಬರುವುದೂ ಇದೇ. ಹಾಗಾಗಿ ಇದೇ ಇರಲಿ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು 'ಹ್ಞೂಂ' ಎನ್ನುತ್ತೀರಿ, ನಾನು ರೇಗುತ್ತೇನೆ, ಮಾತು ಅಲ್ಲಿಗೆ ಮುಗಿಯುತ್ತದೆ. ಕಾಗದದ ಮುಂದೆ ನೀವು ಎಷ್ಟು ಹ್ಞೂಂಗುಟ್ಟಿದರೂ ನನಗೆ ಕೇಳಿಸುವುದಿಲ್ಲ.

ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ. ಕಾಯಿಲೆಯೇನೂ ಇಲ್ಲ, ದಣಿದಿದ್ದೇನೆ ಅಷ್ಟೆ. ಬಲಗೈ ಮಣಿಕಟ್ಟಿನ ನೋವು ಬೆಳಿಗ್ಗೆ ಎದ್ದಾಗ ಹೆಚ್ಚು, ಬಿಸಿನೀರಿನಲ್ಲಿ ಅದ್ದಿಟ್ಟ ಮೇಲೆ ಕುಂಚ ಹಿಡಿಯುವಷ್ಟು ಬರುತ್ತದೆ. ಮಣಿಕಟ್ಟಿಗಿಂತ ನನ್ನನ್ನು ಸುಸ್ತು ಮಾಡಿದವರು ನಿಮ್ಮ ಅಭಿಮಾನಿಗಳು.

ನಿಮಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತೇನೆ, ಏಕೆಂದರೆ ಏನೂ ಗೊತ್ತಿಲ್ಲದವರ ಹಾಗೆ ಕೂತಿದ್ದೀರಿ. ನೀವು ಬರೆದು ನಾನು ಬಿಡಿಸಿದ 'ಬೀಗದಜ್ಜಿ' ಚಿತ್ರಕಥೆ, ಅದು ಬರುತ್ತಿದ್ದ ವಾರಪತ್ರಿಕೆ ನಿಂತಾಗ ತಾನೂ ನಿಂತಿತು. ಬೀಗ ರಿಪೇರಿ ಮಾಡಲು ಕಂಡವರ ಮನೆಗೆ ಹೋಗಿ, ಕೊನೆಗೆ ಆ ಮನೆಯ ಜಗಳ ರಿಪೇರಿ ಮಾಡಿ ಬರುವ ಆ ಮುದುಕಿಯನ್ನು ಜನ ಮರೆತಿದ್ದಾರೆ ಎಂದುಕೊಂಡಿದ್ದೆ. ಈಗ ಪ್ರಕಾಶಕರು ಹೊಸ ಪತ್ರಿಕೆಯೊಂದರಲ್ಲಿ ಅವಳನ್ನು ಮತ್ತೆ ಎಬ್ಬಿಸುತ್ತೇವೆ ಎಂದರು. ಬಿಡಿಸುವವಳು ನಾನೇ, ಅದರಲ್ಲಿ ಯಾರಿಗೂ ತಕರಾರಿಲ್ಲ. ಬರೆಯುವವರು ಯಾರು ಎಂಬಲ್ಲಿ ಶುರುವಾಯಿತು. ಸಂಪಾದಕರು ನಿಮ್ಮನ್ನೂ ಕೇಳಿದರು, ನಮ್ಮ ಮಗಳನ್ನೂ ಕೇಳಿದರು. ಸುದ್ದಿ ಹೊರಬಿದ್ದ ವಾರದಲ್ಲೇ 'ಹಳೇ ಬಳಗ' ಹುಟ್ಟಿಕೊಂಡಿತು, ಅದಕ್ಕೊಬ್ಬ ಅಧ್ಯಕ್ಷರು, ಅವರು ಹಲ್ಲಿನ ಡಾಕ್ಟರು. ಅವರ ಕ್ಲಿನಿಕ್ಕಿನ ಗೋಡೆಯ ಮೇಲೆ ಹಲ್ಲುಜ್ಜುವ ವಿಧಾನದ ಪಕ್ಕದಲ್ಲೇ 'ಅಜ್ಜಿಯನ್ನು ಹೆತ್ತವರೇ ಬರೆಯಲಿ' ಎಂಬ ಭಿತ್ತಿಪತ್ರ. ಹೆತ್ತವರು ಎಂದರೆ ಬಹುವಚನ, ನನ್ನನ್ನೂ ಸೇರಿಸಿದ್ದಾರೆಂದು ಒಂದು ಗಳಿಗೆ ಹಿಗ್ಗಿದೆ. ಇಲ್ಲ, ಅದು ನಿಮಗೆ ಕೊಟ್ಟ ಗೌರವವಂತೆ.

ಇತ್ತ ಮಗಳ ಪರವಾಗಿಯೂ ಒಂದು ಗುಂಪಾಯಿತು, ಹೆಚ್ಚಿನವರು ಕಾಲೇಜು ಹುಡುಗಿಯರು. ಸಹಿ ಸಂಗ್ರಹ, ಪ್ರಕಾಶಕರ ಕಚೇರಿಯ ಮೆಟ್ಟಿಲ ಮೇಲೆ ಧರಣಿ, ಫೋನಿನಲ್ಲಿ ಬೈಗುಳ, ಎಲ್ಲವೂ ಆಯಿತು. ಒಂದು ಮುದುಕಿಯ ಬಾಯಲ್ಲಿ ಮಾತಿಡಲು ಇಷ್ಟು ಜನ ಕೆಲಸ ಬಿಟ್ಟು ಬಂದರಲ್ಲ, ನಮ್ಮ ಮನೆಯ ಮುದುಕಿಯರ ಮಾತನ್ನು ಯಾರಾದರೂ ಹೀಗೆ ಕೇಳಿದ್ದುಂಟೇ?

ಬೈಗುಳ ಬಿದ್ದದ್ದೆಲ್ಲ ಮಗಳಿಗೆ. ಅಪ್ಪನ ತಟ್ಟೆಗೆ ಕೈ ಹಾಕಿದವಳು, ಸೋಪಿನ ಜಾಹೀರಾತು ಬರೆಯುವವಳಿಗೆ ಅಜ್ಜಿಯ ಗತ್ತು ಏನು ಗೊತ್ತು, ಇತ್ಯಾದಿ. ಅವಳು ಜಾಹೀರಾತು ಕಂಪನಿಯಲ್ಲಿ ಇರುವುದು ನಿಜ, ಸೋಪಿಗೆ ಬರೆಯುವುದೂ ನಿಜ. ಬಸ್ಸಿನಲ್ಲಿ ಫೋನು ತೆಗೆಯುವುದನ್ನೇ ಬಿಟ್ಟಿದ್ದಾಳೆ. ಮನೆಗೆ ಬಂದು ಚಪ್ಪಲಿ ಬಿಟ್ಟು, ನನ್ನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು, ನಾನು ಬಿಡಿಸುವುದನ್ನು ಸುಮ್ಮನೆ ನೋಡುತ್ತಾಳೆ.

ಸಂಪಾದಕರಿಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವರು ಒಂದು ಉಪಾಯ ಹೂಡಿದರು. ನಿಮ್ಮಿಂದ ಒಂದು ಕಥೆ, ಮಗಳಿಂದ ಒಂದು ಕಥೆ ತರಿಸಿ, ಎರಡನ್ನೂ ನನ್ನಿಂದ ಬಿಡಿಸಿ, ಹೆಸರು ಹಾಕದೆ 'ಒಂದನೆಯ ಕಥೆ', 'ಎರಡನೆಯ ಕಥೆ' ಎಂದು ಮಾದರಿ ಪುಟಗಳಾಗಿ ಅಚ್ಚು ಮಾಡಿ ಹಂಚಿ ಓದುಗರ ಮತ ಕೇಳಿದರು. ಗಂಡನ ಕಡೆ ವಾಲುತ್ತೀರೋ ಮಗಳ ಕಡೆಯೋ ಎಂದು ನನ್ನನ್ನೂ ಕೆಣಕಿದರು. ನನಗೆ ಎರಡೂ ಕಣ್ಣು ಒಂದೇ ಎಂದು ಹೇಳಿ ಕಳಿಸಿದೆ.

ಒಂದನೆಯದು ಮಗಳದು. ಅಜ್ಜಿ ಒಂದು ಮುಚ್ಚಿದ ಬಾಗಿಲ ಮುಂದೆ ಕೂರುತ್ತಾಳೆ, ಒಳಗಿರುವವರು ತಾವೇ ತೆಗೆಯಲಿ ಎಂದು ಕಾಯುತ್ತಾಳೆ, ಎರಡು ಪುಟ ಒಂದು ಮಾತೂ ಇಲ್ಲ. ಎರಡನೆಯದು ನಿಮ್ಮದು. ಅಜ್ಜಿ ಮೊದಲ ಚೌಕದಿಂದಲೇ ಮಾತಿಗೆ ನಿಲ್ಲುತ್ತಾಳೆ, ಏಕೆ ಬಂದೆ, ಹೇಗೆ ಬಂದೆ, ಈ ಬೀಗ ಯಾವ ಕಾಲದ್ದು, ಒಂದೊಂದು ಚೌಕಕ್ಕೆ ಐದಾರು ಮಾತಿನ ಗುಳ್ಳೆ. ಅಜ್ಜಿಯ ತಲೆ ಇಡಲು ಜಾಗವಿಲ್ಲ ಎಂದು ನಾನು ಗೊಣಗುತ್ತಿದ್ದದ್ದು ನಿಮಗೆ ನೆನಪಿರಬೇಕು. ಈ ಸಲವೂ ಅವಳ ತಲೆಯನ್ನು ಮೂಲೆಯಲ್ಲಿ ತುರುಕಿದೆ. ಆದರೂ ಕೊನೆಯ ಚೌಕದಲ್ಲಿ ಅಜ್ಜಿ ಹೇಳುವ ಆ ಒಂದು ಸಾಲು ಓದಿ ನಾನು ಕುಂಚ ಕೆಳಗಿಟ್ಟಿದ್ದೆ. ಅಂಥ ಸಾಲು ನಿಮಗೆ ಮಾತ್ರ ಬರುತ್ತದೆ. ಅದರ ಮುಂದಿದ್ದ ಎಪ್ಪತ್ತು ಸಾಲು ಬರೆಯದಿದ್ದರೆ ಸಾಕಿತ್ತು.

ಮತ ಎಣಿಸಿದಾಗ ಒಂದನೆಯ ಕಥೆ ಗೆದ್ದಿತ್ತು. ಹೆಚ್ಚು ಮತ ಹಾಕಿದವರು ನಿಮ್ಮ ಬಳಗದವರೇ! ಅದು ನಿಮ್ಮದೆಂದು ಅವರು ಕಣ್ಣು ಮುಚ್ಚಿ ನಿರ್ಧರಿಸಿಬಿಟ್ಟಿದ್ದರು. ಫಲಿತಾಂಶ ಬಂದ ದಿನ ಡಾಕ್ಟರು ಇಬ್ಬರನ್ನು ಕಟ್ಟಿಕೊಂಡು ನಮ್ಮ ಮನೆಗೇ ಬಂದರು, ಚಿತ್ರಕ್ಕೆ ನನ್ನನ್ನು ಅಭಿನಂದಿಸಲು. ಕುರ್ಚಿಯ ತುದಿಯಲ್ಲಿ ಕೂತು, "ಮೇಡಂ, ಮೊದಲ್ನೇ ಪುಟ ನೋಡ್ತಿದ್ದ ಹಾಗೇ ಗೊತ್ತಾಗೋಯ್ತು, ಇದು ಸಾಹೇಬ್ರದೇ ಕೈ ಅಂತ. ಎರಡು ಪುಟ ಸುಮ್ನಿರಕ್ಕೆ ಧೈರ್ಯ ಬೇಕು. ಆ ಎರಡನೇದು ಬಿಡಿ, ಪಾಪ, ಮಗು ಏನೇನೋ ಮಾತಾಡ್ಬಿಟ್ಟಿದೆ" ಎಂದರು. ನಾನು ಅವರಿಗೆ ಟೀ ಕೊಟ್ಟೆ. ಒಳಗಿನ ಕೋಣೆಯಲ್ಲಿ ಮಗಳು ಎಲ್ಲವನ್ನೂ ಕೇಳಿಸಿಕೊಂಡಳು.

ಬಳಗದ ಇನ್ನೊಬ್ಬರು, ನಿವೃತ್ತ ಮೇಷ್ಟ್ರು, ಎರಡನೆಯ ಕಥೆಯ ಪುಟಗಳನ್ನು ಕತ್ತರಿಸಿ, ಕೆಂಪು ಶಾಯಿಯಲ್ಲಿ ತಿದ್ದಿ ಅಂಚೆಯಲ್ಲಿ ಮಗಳಿಗೆ ಕಳಿಸಿದ್ದಾರೆ. 'ವಾಚಾಳಿತನ', 'ತಂದೆಯವರಿಂದ ಕಲಿ', ಹೀಗೆ. ಇವಳು ಆ ಲಕೋಟೆಯನ್ನು ನನಗೆ ತೋರಿಸಲಿಲ್ಲ, ಒಗೆಯಲು ಹಾಕಿದ್ದ ಅವಳ ಚೀಲದಲ್ಲಿ ಸಿಕ್ಕಿತು. ಏಕೆ ಇಟ್ಟುಕೊಂಡಿದ್ದೀಯೆ ಎಂದರೆ, "ಬಿಸಾಡಿದ್ರೆ ಯಾರಾದ್ರೂ ನೋಡ್ತಾರಮ್ಮ, ಅಪ್ಪಂಗೆ ಗೊತ್ತಾದ್ರೆ ಬೇಜಾರಾಗತ್ತೆ" ಎಂದಳು.

ಇಲ್ಲಿಯವರೆಗೆ ನಾನು ನಗುತ್ತಲೇ ಇದ್ದೆ ಎಂದರೂ ಸರಿ. ನಿಮ್ಮ ಭಕ್ತರು ನಿಮ್ಮನ್ನೇ ತಿದ್ದಿ ನಿಮ್ಮಿಂದಲೇ ಕಲಿಯಲು ಹೇಳಿದ್ದು ಬೀಗದಜ್ಜಿಗೇ ತಕ್ಕ ಕಥೆ. ಫಲಿತಾಂಶದ ಸಂಜೆಯೇ ನೀವು ಡಾಕ್ಟರಿಗೆ ಫೋನು ಮಾಡಿ ಬಿದ್ದು ಬಿದ್ದು ನಗುತ್ತೀರಿ, 'ಅಯ್ಯೋ ಮಾರಾಯರೇ, ಅದು ನನ್ನ ಮಗಳದು' ಎನ್ನುತ್ತೀರಿ ಎಂದು ಕಾದೆ. ಬದಲಿಗೆ ಮಗಳ ಫೋನಿಗೆ ಬಂದದ್ದು ಫೋಟೋ.

ನಿಮ್ಮ ಬಾಡಿಗೆ ಕೋಣೆಯ ಬಾಗಿಲಲ್ಲಿ ಬಳಗದವರ ನಡುವೆ ನೀವು. ಒಂದು ಕೈಯಲ್ಲಿ ಹೂಗುಚ್ಛ, ಇನ್ನೊಂದು ಕೈಯಲ್ಲಿ ಒಂದನೆಯ ಕಥೆಯ ಪುಟ, ಅವರೇ ಹಿಡಿಸಿದ್ದಿರಬೇಕು. ಇಸ್ತ್ರಿ ಮಾಡಿದ ಅಂಗಿ. ನೀವು 'ಇದು ನಾನು ಬರೆದದ್ದು' ಎಂದು ಹೇಳಿಲ್ಲ, ನನಗೆ ಗೊತ್ತು. ಅಲ್ಲ ಎಂದೂ ಹೇಳಲಿಲ್ಲ. ನೀವು ಕಳ್ಳರಲ್ಲ ರೀ. ಬಾಗಿಲಿಗೆ ಬಂದ ಹೂವನ್ನು ಬೇಡ ಎನ್ನಲು ಬಾಯಿ ಬಾರದವರು. ಯಾರೂ ಬಾಗಿಲು ತಟ್ಟದೆ ಎಷ್ಟೋ ವರ್ಷ ಕೂತವರಿಗೆ ಅದು ಸುಲಭವಲ್ಲ ಎಂದು ನನಗೂ ಅರ್ಥವಾಗುತ್ತದೆ. ಅರ್ಥವಾಗುತ್ತದೆ ಎಂದ ಮಾತ್ರಕ್ಕೆ ಸಿಟ್ಟು ಇಳಿಯುವುದಿಲ್ಲ.

ಫೋಟೋ ನೋಡಿದ ಮರುದಿನವೇ ಸಂಪಾದಕರು ಬಂದರು. ಬಳಗ ಇಷ್ಟು ಸಂಭ್ರಮದಲ್ಲಿರುವಾಗ ಈಗ ನಿಜ ಹೇಳಿದರೆ ಅವರಿಗೆ ಅವಮಾನ, ಅವರು ತಿರುಗಿಬಿದ್ದರೆ ಪತ್ರಿಕೆ ಏಳುವ ಮೊದಲೇ ಮಲಗುತ್ತದೆ ಎಂಬುದು ಅವರ ಹೆದರಿಕೆ. "ಹೆಸರು ಅವ್ರದಿರ್ಲಿ, ಕಥೆ ಇವ್ರು ಬರೀಲಿ. ಮನೆ ಮಾತು ಮನೇಲೇ ಇರತ್ತೆ, ಯಾರಿಗೂ ನೋವಿಲ್ಲ" ಎಂದರು. ನಾನು ಬಾಗಿಲು ತೋರಿಸುವ ಮೊದಲೇ ಮಗಳು "ಆಯ್ತು ಸರ್" ಎಂದುಬಿಟ್ಟಳು.

ಅವರು ಹೋದ ಮೇಲೆ ಅವಳ ಮೇಲೆ ಕೂಗಾಡಿದೆ. ನಿನಗೆ ಬೆನ್ನುಮೂಳೆ ಇಲ್ಲವೇ, ರಾತ್ರಿ ಹಗಲು ಕೂತು ಬರೆದದ್ದು ಯಾರ ಹೆಸರಿಗೆ ಎಂದೆಲ್ಲ. ಅವಳು ಫೋನಿನಲ್ಲಿ ನಿಮ್ಮ ಫೋಟೋ ತೆಗೆದು, ಬೆರಳಿನಿಂದ ನಿಮ್ಮ ಮುಖ ದೊಡ್ಡದು ಮಾಡಿ ನನ್ನ ಮುಂದೆ ಹಿಡಿದಳು. "ಅಪ್ಪ ನಗ್ತಿದಾರೆ ನೋಡಮ್ಮ. ಹಲ್ಲು ಕಾಣೋ ಹಾಗೆ ನಗ್ತಿದಾರೆ. ನಾನು ಎಷ್ಟು ಸಲ ಹೋದ್ರೂ ಅವ್ರನ್ನ ಹಿಂಗೆ ನಗ್ಸಕ್ಕೆ ಆಗಿಲ್ಲ ಕಣಮ್ಮ. ಈಗ ನಾನು ಬರೆದಿದ್ರಿಂದ ನಗ್ತಿದಾರಲ್ಲ, ಅದು ನಂದೇ ಅಲ್ವಾ" ಎಂದಳು.

ಇದನ್ನು ನಿಮಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಹೇಳುತ್ತಿದ್ದೇನೆ. ಪಾಪ ಬಂದರೆ ನನಗೇ ಬರಲಿ.

ಈಗ ವಿಷಯಕ್ಕೆ ಬರುತ್ತೇನೆ. ಮೊದಲ ಸಂಚಿಕೆಯ ಮುಖಪುಟ ಶುಕ್ರವಾರ ಪ್ರೆಸ್ಸಿಗೆ ಹೋಗಬೇಕು. ನಮ್ಮ ಪದ್ಧತಿ ನಿಮಗೆ ಗೊತ್ತೇ ಇದೆ, ಅಜ್ಜಿಯ ಹೆಸರನ್ನೂ ಬರೆದವರ ಹೆಸರನ್ನೂ ಅಚ್ಚಿನ ಅಕ್ಷರದಲ್ಲಿ ಹಾಕುವುದಿಲ್ಲ, ನಾನೇ ಕುಂಚದಲ್ಲಿ ಬರೆಯಬೇಕು. ಚಿತ್ರ ಮುಗಿದು ಮೇಜಿನ ಮೇಲೆ ಒಣಗುತ್ತಿದೆ, ಬಲಗಡೆ ಕೆಳಗೆ ಹೆಸರಿನ ಜಾಗ ಬಿಟ್ಟಿದ್ದೇನೆ. ಅಲ್ಲಿ ನಿಮ್ಮ ಹೆಸರು ಬರೆಯಲು ನನ್ನ ಕೈ ಏಳುವುದಿಲ್ಲ. ನಿಮ್ಮಿಬ್ಬರನ್ನೂ ಕೇಳದೆ ಮಗಳ ಹೆಸರು ಬರೆದುಬಿಡಬಹುದು. ಆಗ ಬಳಗ ಅವಳನ್ನು ಹರಿದು ತಿನ್ನುತ್ತದೆ, ಅಪ್ಪನ ಕಥೆ ಕದ್ದಳು ಎನ್ನುತ್ತದೆ. ಅಲ್ಲ ಎಂದು ಯಾರು ಹೇಳಿದರೂ ಅವರು ನಂಬುವುದಿಲ್ಲ, ನಿಮ್ಮೊಬ್ಬರನ್ನು ಬಿಟ್ಟು.

ನಿಮ್ಮಿಂದ ನನಗೆ ಬೇಕಾದದ್ದು ಒಂದೇ ವಾಕ್ಯ. ಡಾಕ್ಟರಿಗೆ ಫೋನು ಮಾಡಿ ಹೇಳಿ, 'ಒಂದನೆಯ ಕಥೆ ನನ್ನ ಮಗಳು ಬರೆದದ್ದು.' ಅದಕ್ಕೆ ಮುಂದೆ ಹಿಂದೆ ಏನೂ ಸೇರಿಸಬೇಡಿ. ಏಕೆ, ಹೇಗೆ, ಯಾವ ಪರಿಸ್ಥಿತಿಯಲ್ಲಿ ಎಂದು ಐದಾರು ಗುಳ್ಳೆ ತುಂಬಿಸಬೇಡಿ. ಅವರು ಎರಡು ದಿನ ಮುನಿಸಿಕೊಳ್ಳುತ್ತಾರೆ, ಮೂರನೆಯ ದಿನ 'ಅಪ್ಪನ ರಕ್ತ ಎಲ್ಲಿ ಹೋಗತ್ತೆ' ಎಂದು ತಾವೇ ಭಿತ್ತಿಪತ್ರ ಬದಲಾಯಿಸುತ್ತಾರೆ. ಅಭಿಮಾನಿಗಳಿಗೆ ಯಾವುದೂ ಹೆಚ್ಚು ದಿನ ನೋಯುವುದಿಲ್ಲ. ಮನೆಯವರಿಗೆ ನೋಯುತ್ತದೆ.

ಶುಕ್ರವಾರದೊಳಗೆ ನೀವು ಮಾತಾಡದಿದ್ದರೆ ಮುಖಪುಟವನ್ನು ಕೊಡುವುದಿಲ್ಲ. ಅಜ್ಜಿ ಮತ್ತೆ ಮಲಗಲಿ. ಮಗಳಿಗೆ ಸಿಕ್ಕ ಈ ಬರೆಯುವ ಕೆಲಸವೂ ಅದರ ಜೊತೆಗೇ ಹೋಗುತ್ತದೆ, ಅವಳು ನನ್ನ ಮೇಲೆ ಎಷ್ಟು ದಿನ ಮುನಿಯುತ್ತಾಳೋ ಗೊತ್ತಿಲ್ಲ. ಬೇರೆಯವರ ಹೆಸರಿನ ಕೆಳಗೆ ಬದುಕುವುದನ್ನು ಅವಳು ಈ ವಯಸ್ಸಿಗೇ ರೂಢಿ ಮಾಡಿಕೊಳ್ಳುವುದಕ್ಕಿಂತ ಆ ಮುನಿಸೇ ವಾಸಿ.

ಬೆದರಿಕೆ ಎಂದುಕೊಳ್ಳಬೇಡಿ. ಬೆದರಿಸಲು ಶಕ್ತಿ ಬೇಕು, ನನ್ನಲ್ಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ನಮ್ಮದು ಎರಡು ಮನೆಯಾಗುವ ತನಕ ಹೋಯಿತು. ಆಗಲೂ ಮಗಳನ್ನು ನಡುವೆ ಎಳೆಯಬಾರದು ಎಂದು ಇಬ್ಬರೂ ಒಪ್ಪಿದ್ದೆವು. ನೀವು ಅದೊಂದು ಮಾತನ್ನು ಉಳಿಸಿಕೊಂಡಿದ್ದಿರಿ.

ಮಾತ್ರೆಗಳನ್ನು ಊಟವಾದ ಮೇಲೆ ತೆಗೆದುಕೊಳ್ಳಿ, ಮೊದಲಲ್ಲ. ಕೋಣೆಯ ಕಿಟಕಿ ತೆಗೆದಿಡಿ, ಫೋಟೋದಲ್ಲಿ ನಿಮ್ಮ ಹಿಂದಿನ ಗೋಡೆ ಪಾಚಿಗಟ್ಟಿದಂತೆ ಕಾಣುತ್ತದೆ.

ಇಂತಿ,
ನೀವೇ ಇಟ್ಟ ಹೆಸರಿನ
ಗೀಚಮ್ಮ

ಕಾಗದ ಮಡಿಸಿದ ಮೇಲೆ: ನಿಮ್ಮ ತಲೆಯಲ್ಲಿ ಈಗ ಏನು ಓಡುತ್ತಿದೆ ಎಂದು ನನಗೆ ಗೊತ್ತು. ಕುಣಿಯಲಾರದವರಿಗೆ ನೆಲ ಡೊಂಕು. 'ಮಗಳ ಕಥೆಯನ್ನು ಜೀವ ತುಂಬಿ ಬಿಡಿಸಿದಳು, ಹಳೇ ಸಿಟ್ಟಿಗೆ ನನ್ನದನ್ನು ಹಾಳುಮಾಡಿದಳು, ಅದಕ್ಕೇ ಸೋತೆ' ಎಂದುಕೊಳ್ಳುತ್ತೀರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಕಣ್ಣು ಒಂದೇ ಎಂದು ಸಂಪಾದಕರಿಗೆ ಹೇಳಿದ್ದು ಸುಳ್ಳು. ನಿಮ್ಮ ಪುಟಗಳನ್ನು ಮೂರು ಸಲ ಹರಿದು ಹಾಕಿ ಮತ್ತೆ ಬಿಡಿಸಿದೆ, ಬೀದಿಯ ಒಂದೊಂದು ಕಿಟಕಿಯನ್ನೂ, ಅಜ್ಜಿಯ ಕೈಯ ಒಂದೊಂದು ನರವನ್ನೂ. ಮಣಿಕಟ್ಟು ಊದಿಕೊಂಡ ಮೇಲೆ ಮಗಳದನ್ನು ಹೇಗೋ ಮುಗಿಸಿ ಕೊಟ್ಟೆ. ಅವಳಿಗೆ ಅದು ಕಂಡಿತು, ಆದರೂ ನನ್ನ ಕೈಗೆ ಬಿಸಿನೀರು ಕಾಯಿಸಿ ತಂದಿಟ್ಟಳು. ನೀವೇ ಗೆಲ್ಲಲಿ ಅಂತ ಆಸೆಯಿತ್ತು ಕಣ್ರೀ. ಗೆದ್ದರೆ ವಾರಕ್ಕೊಂದು ಸಲ ಕಥೆ ಕೊಡುವುದಕ್ಕಾದರೂ ಈ ಮನೆಗೆ ಬರುತ್ತೀರಲ್ಲ ಅಂತ.